ಚಾಣದ ತಲೆಯಿಂದ ಚಕ್ಕೆ ಹಾರಿದೆ, ಹುಡುಗನಿಗೆ ಕಣ್ಣು ನೋವಿಲ್ಲ ಅಂತಾನೆ. ಈಗ ಏನು ಮಾಡಬೇಕು?

ಪ್ರಶ್ನೆ: ಸರ್, ಹಾವೇರಿ ಹತ್ತಿರ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಮುಂದೆ ಮರದ ಕೆಲಸ, ಹಿಂದಿನ ಶೆಡ್ಡಲ್ಲಿ ಗ್ರಿಲ್, ಗೇಟು. ಅಪ್ಪ ತೀರಿಕೊಂಡ ಮೇಲೆ ನಾನೇ ನೋಡಿಕೊಳ್ತಿದ್ದೇನೆ. ಒಟ್ಟು ಆರು ಜನ ಕೆಲಸಕ್ಕಿದ್ದಾರೆ. ನಾಲ್ಕು ದಿನದ ಹಿಂದೆ ಹೊಲದ ಹಳೇ ಗೇಟಿನ ತುಕ್ಕು ಹಿಡಿದ ನಟ್ಟನ್ನು ಚಾಣ (ಕಬ್ಬಿಣ ಕಡಿಯುವ ಉಳಿ) ಇಟ್ಟು ಒಡೆಯುವಾಗ ನಮ್ಮ ಹುಡುಗನ ಬಲಗಣ್ಣಿಗೆ ಏನೋ ಟಕ್ ಅಂತ ಹೊಡೀತಂತೆ. ಸ್ವಲ್ಪ ನೀರು ಬಂತು ಅಷ್ಟೇ. ಮೇಸ್ತ್ರಿ ಕಣ್ಣು ತೊಳೆಸಿ ಹರಳೆಣ್ಣೆ ಬಿಟ್ಟರು. ಮಾರನೇ ದಿನ ಕೆಲಸಕ್ಕೂ ಬಂದ. ನಿನ್ನೆಯಿಂದ ಕಣ್ಣ ಮುಂದೆ ಕಪ್ಪು ಚುಕ್ಕೆ ಓಡಾಡಿದ ಹಾಗೆ ಆಗುತ್ತೆ ಅಂತಾನೆ, ನೋವು ಮಾತ್ರ ಇಲ್ಲ. ಚಾಣ ತೆಗೆದು ನೋಡಿದೆ, ತಲೆಯ ಅಂಚಲ್ಲಿ ಒಂದು ಕಡೆ ಹೊಸದಾಗಿ ಬೆಳ್ಳಗೆ ಹೊಳೀತಿದೆ. ಹೋದ ತಿಂಗಳು ಬಡಗಿ ಆಚಾರ್ರಿಗೆ ಉಳಿ ಜಾರಿ ಎಡ ಅಂಗೈಗೆ ಹೊಲಿಗೆ ಬಿತ್ತು. ಅದಕ್ಕೇ ಉಳಿ ಅಷ್ಟೊಂದು ಚೂಪು ಮಾಡಬೇಡಿ ಅಂತ ಹೇಳಿದ್ದೇನೆ, ಎಲ್ಲರಿಗೂ ಬಟ್ಟೆ ಗ್ಲೌಸ್ ತಂದುಕೊಟ್ಟಿದ್ದೇನೆ. ಗಾಗಲ್ಸ್ ತಂದರೆ ಮಂಜು ಕಟ್ಟುತ್ತೆ ಅಂತ ಯಾರೂ ಹಾಕಲ್ಲ. ಮೂವತ್ತು ವರ್ಷದಿಂದ ಹೀಗೇ ಮಾಡ್ತಿದ್ದೀವಿ ಅಂತಾರೆ ಮೇಸ್ತ್ರಿ. ನಾನು ಮಾಡಿದ್ದು ಸರಿಯಾ? ಇನ್ನೇನು ಮಾಡಬೇಕು?

ಉತ್ತರ: ಮೊದಲು ಆ ಹುಡುಗನನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿದರೆ ಸಾಕು. ನಾಳೆ ಅಲ್ಲ, ಆರ್ಡರ್ ಮುಗಿಸಿಕೊಂಡು ಅಲ್ಲ, ಈಗಲೇ. ಡ್ರಾಪ್ಸ್ ಬರೆದುಕೊಟ್ಟು ಕಳಿಸುವ ಕ್ಲಿನಿಕ್ ಇದಕ್ಕೆ ಸಾಲದು, ರೆಟಿನಾ (ಕಣ್ಣಿನ ಹಿಂಭಾಗದ ಒಳಪರದೆ) ನೋಡುವ ಡಾಕ್ಟರು ಮತ್ತು ಆಪರೇಷನ್ ವ್ಯವಸ್ಥೆ ಇರುವ ಕಡೆ ಹೋಗಬೇಕು. ನಿಮಗೆ ಹುಬ್ಬಳ್ಳಿ ಹತ್ತಿರ, ಅಲ್ಲಿ ಕಿಮ್ಸ್ ಅಂತಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ (ಈಗ ಕೆಎಂಸಿಆರ್‌ಐ) ಕಣ್ಣಿನ ವಿಭಾಗ ಇದೆ. ಬೆಂಗಳೂರು ಕಡೆಯಿಂದ ಓದುತ್ತಿರುವವರಿಗೆ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಆಪರೇಷನ್ ಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಏನೂ ತಿನ್ನಿಸಬೇಡಿ. ಕಣ್ಣು ಉಜ್ಜದಂತೆ, ಒತ್ತದಂತೆ ನೋಡಿಕೊಳ್ಳಿ. ಎಣ್ಣೆ, ಡ್ರಾಪ್ಸ್ ಇನ್ನೇನೂ ಹಾಕಬೇಡಿ.

ಆ ಚಾಣವನ್ನೂ ತಗೊಂಡು ಹೋಗಿ. ಯಾರಾದರೂ ಗ್ರೈಂಡ್ ಮಾಡಿ ಸರಿ ಮಾಡೋದಕ್ಕೆ ಮುಂಚೆ ಎತ್ತಿಟ್ಟುಕೊಳ್ಳಿ. ತಲೆಯ ಅಂಚು ಹೊಸದಾಗಿ ಹೊಳೆಯುತ್ತಿದೆ ಅಂದರೆ ಅಲ್ಲಿಂದ ಒಂದು ಚಕ್ಕೆ ಮುರಿದು ಎಲ್ಲಿಗೋ ಹೋಗಿದೆ. ಎಷ್ಟು ದೊಡ್ಡದು, ಯಾವ ಲೋಹ ಅನ್ನೋದು ಡಾಕ್ಟರಿಗೆ ಅದರಿಂದಲೇ ಗೊತ್ತಾಗುತ್ತದೆ. ಚೀಟಿ ಮಾಡಿಸುವಾಗ "ಕಣ್ಣಲ್ಲಿ ಕಸ ಬಿದ್ದಿದೆ" ಅನ್ನಬೇಡಿ. "ಕಬ್ಬಿಣದ ಮೇಲೆ ಕಬ್ಬಿಣ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವಾಗ ಚೂರು ಹಾರಿ ಕಣ್ಣಿಗೆ ಹೊಡೆದಿದೆ, ಈಗ ಚುಕ್ಕೆ ಕಾಣುತ್ತಿದೆ" ಅಂತಲೇ ಹೇಳಿ. ಈ ಒಂದು ಮಾತು ಕೇಳಿದರೆ ಡಾಕ್ಟರು ಪಾಪೆ ಹಿಗ್ಗಿಸಿ ಒಳಗೆ ನೋಡುತ್ತಾರೆ, ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಕಣ್ಣೊಳಗೆ ಕಬ್ಬಿಣ ಇಲ್ಲ ಅಂತ ಖಚಿತವಾಗುವವರೆಗೆ ಎಂಆರ್‌ಐ ಮಾತ್ರ ಮಾಡಿಸಬಾರದು. ಅದರ ಅಯಸ್ಕಾಂತಕ್ಕೆ ಒಳಗಿನ ಚೂರು ಅಲುಗಾಡಿ ಇನ್ನಷ್ಟು ಹಾನಿ ಮಾಡುತ್ತದೆ. ಟೆಟನಸ್ ಇಂಜೆಕ್ಷನ್ ಯಾವಾಗ ಆಗಿದೆ ಅನ್ನೋದನ್ನೂ ಹೇಳಿ.

ನಾನು ಕಣ್ಣಿನ ಡಾಕ್ಟರಲ್ಲ. ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿಸಿದವನು, ಆಮೇಲೆ ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್ ಆಗಿ ಕೆಲಸ ಮಾಡಿದವನು. ಆದರೆ ಇಂಥ ಕೇಸುಗಳ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ, ಡಾಕ್ಟರುಗಳು ಮತ್ತೆ ಮತ್ತೆ ಹೇಳೋದನ್ನೂ ಕೇಳಿದ್ದೇನೆ. ನೋವಿಲ್ಲ ಅನ್ನೋ ಕಾರಣಕ್ಕೇ ಜನ ತಡವಾಗಿ ಬರುತ್ತಾರೆ ಅಂತ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದೂ ಅದೇ, "ನೋವು ಮಾತ್ರ ಇಲ್ಲ" ಅನ್ನೋ ಮಾತು.

ಇದು ಯಾಕೆ ಹೀಗೆ ಅಂತ ತಿಳಿದುಕೊಂಡರೆ ನಿಮ್ಮ ಮೇಸ್ತ್ರಿಗೂ ಹೇಳಬಹುದು. ಕಣ್ಣಿನ ಮುಂಭಾಗದಲ್ಲಿ ಗಾಜಿನ ಹಾಗೆ ಕಾಣುವ ಪದರ ಇದೆಯಲ್ಲ, ಕಾರ್ನಿಯಾ, ಅದರಲ್ಲಿ ನರಗಳು ತುಂಬಾ ಜಾಸ್ತಿ. ಅಲ್ಲಿ ಒಂದು ಮರಳಿನ ಕಣ ಕೂತರೂ ಮನುಷ್ಯ ಒದ್ದಾಡಿಬಿಡುತ್ತಾನೆ. ಆದರೆ ಸುತ್ತಿಗೆ ಏಟಿಗೆ ಸಿಡಿದ ಉಕ್ಕಿನ ಚೂರು ಸಣ್ಣದು, ಹರಿತ, ವೇಗವೂ ಜಾಸ್ತಿ. ಅದು ಮೇಲೆ ಕೂರೋದಿಲ್ಲ, ತೂರಿಕೊಂಡು ಒಳಗೆ ಹೋಗಿಬಿಡುತ್ತದೆ. ಗಾಯ ಎಷ್ಟು ಸಣ್ಣದು ಅಂದರೆ ತಾನಾಗೇ ಮುಚ್ಚಿಕೊಳ್ಳುತ್ತದೆ, ಕನ್ನಡಿಯಲ್ಲಿ ನೋಡಿದರೂ ಕಾಣುವುದಿಲ್ಲ. ಒಳಗಿನ ರೆಟಿನಾಗೆ ನೋವು ಗೊತ್ತಾಗುವುದೇ ಇಲ್ಲ. ಹಾಗಾಗಿ ಮೇಲೆ ಧೂಳು ಬಿದ್ದವನು ಕೂಗಾಡುತ್ತಾನೆ, ಒಳಗೆ ಚೂರು ಹೋದವನು ಮುಖ ತೊಳೆದು ಕೆಲಸಕ್ಕೆ ಬರುತ್ತಾನೆ. ಕಪ್ಪು ಚುಕ್ಕೆ ಓಡಾಡೋದು ಒಳಗೆ ರಕ್ತ ಜಿನುಗಿರುವುದರ, ಸೋಂಕು ಶುರುವಾಗಿರುವುದರ ಅಥವಾ ರೆಟಿನಾ ಹರಿದಿರುವುದರ ಸೂಚನೆ ಇರಬಹುದು. ಅದು ಮಣ್ಣು ಮೆತ್ತಿದ ಹೊಲದ ಗೇಟು ಬೇರೆ. ಮಣ್ಣಿನ ಕ್ರಿಮಿ ಕಣ್ಣೊಳಗೆ ಸೇರಿದರೆ ದಿನಗಳಲ್ಲಿ ಅಲ್ಲ, ಕೆಲವೊಮ್ಮೆ ಗಂಟೆಗಳಲ್ಲೇ ಕಣ್ಣು ಕೆಡಿಸುತ್ತದೆ. ಸೋಂಕು ಆಗದೇ ಉಳಿದರೂ ಕಬ್ಬಿಣ ಒಳಗೇ ಕೂತು ನಿಧಾನಕ್ಕೆ ಕರಗಿ ರೆಟಿನಾಗೆ ವಿಷವಾಗುತ್ತದೆ. ತಿಂಗಳುಗಳ ಮೇಲೆ ಇರುಳಲ್ಲಿ ಕಾಣಿಸದೇ ಹೋಗೋದು, ಪೊರೆ ಬರೋದು, ಕಣ್ಣಿನ ಬಣ್ಣವೇ ಬದಲಾಗೋದು, ಹೀಗೆ.

ನಿಮ್ಮ ಹುಡುಗನಿಗೆ ಹೀಗೇ ಆಗಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಚೂರು ರೆಪ್ಪೆಗೆ ತಾಗಿ ಬಿದ್ದೂ ಹೋಗಿರಬಹುದು. ಹಾಗಿದ್ದರೆ ಒಂದು ಸ್ಕ್ಯಾನಿನ ದುಡ್ಡು ಹೋಯಿತು ಅಷ್ಟೇ.

ಕಣ್ಣು ತೊಳೆಯೋ ವಿಷಯ. ಮರದ ಪುಡಿ, ಧೂಳು ಬಿದ್ದರೆ ಶುದ್ಧ ನೀರಲ್ಲಿ ತೊಳೆಯೋದು ಸರಿ. ಆಸಿಡ್, ಸುಣ್ಣ ಸಿಡಿದರಂತೂ ಆಸ್ಪತ್ರೆಗೆ ಓಡುವ ಮುಂಚೆಯೇ ಇಪ್ಪತ್ತು ನಿಮಿಷವಾದರೂ ನೀರು ಬಿಡಬೇಕು. ಆದರೆ "ಟಕ್ ಅಂತ ಹೊಡೀತು" ಅಂದರೆ ತೊಳೆಯಬಾರದು, ಉಜ್ಜಬಾರದು, ಪಟ್ಟಿ ಬಿಗಿಯಬಾರದು. ಪೇಪರ್ ಕಪ್ಪಿನ ತಳದ ಭಾಗವನ್ನು ಕತ್ತರಿಸಿ ತೆಗೆದು, ಆ ತಳವನ್ನೇ ಕಣ್ಣಿಗೆ ತಾಗದ ಹಾಗೆ ಸುತ್ತಲ ಮೂಳೆಯ ಮೇಲೆ ಕೂರಿಸಿ ಟೇಪ್ ಹಾಕಿ ಕರೆದುಕೊಂಡು ಹೋಗಬೇಕು. ಹರಳೆಣ್ಣೆ, ಎದೆಹಾಲು, ಬಟ್ಟೆ ತುದಿ, ನಾಲಿಗೆ, ಹಳೇ ಸ್ಪೀಕರಿನ ಅಯಸ್ಕಾಂತ, ಇವೆಲ್ಲ ಪ್ರೀತಿಯಿಂದಲೇ ಮಾಡೋದು, ಗೊತ್ತು. ಆದರೆ ತೆರೆದ ಗಾಯಕ್ಕೆ ಕ್ರಿಮಿ ಸೇರಿಸಿದ ಹಾಗಾಗುತ್ತದೆ.

ಈಗ ಚಾಣಕ್ಕೆ ಬರೋಣ. ಚಾಣದ ಬಾಯಿಗೆ ಗಟ್ಟಿ ಹದ ಕೊಟ್ಟಿರುತ್ತಾರೆ, ತಲೆಯನ್ನು ಬೇಕಂತಲೇ ಮೆತ್ತಗೆ ಬಿಟ್ಟಿರುತ್ತಾರೆ. ಸುತ್ತಿಗೆಯ ಮುಖ ಗಟ್ಟಿ, ಚಾಣದ ತಲೆಯೂ ಗಟ್ಟಿಯಾಗಿದ್ದರೆ ಏಟಿಗೆ ಯಾವುದಾದರೂ ಒಂದು ಸಿಡಿಯಲೇಬೇಕು ಅಲ್ವಾ, ಅದಕ್ಕೆ. ಮೆತ್ತಗಿರುವ ತಲೆ ಹೊಡೆತ ತಿಂದು ತಿಂದು ಅಂಚು ಹೊರಗೆ ಹರಡಿ ಕೆಳಕ್ಕೆ ಮಡಚಿಕೊಳ್ಳುತ್ತದೆ, ಮಶ್ರೂಮ್ ಹೆಡ್ ಅಂತಾರಲ್ಲ ಅದೇ. ಹರಡಿದ ಭಾಗ ಮೆತ್ತಗೆ ಉಳಿಯೋದಿಲ್ಲ, ತಣ್ಣಗಿರುವಾಗಲೇ ಬಡಿಸಿಕೊಂಡ ಉಕ್ಕು ಬಿರುಸಾಗುತ್ತಾ ಹೋಗುತ್ತದೆ. ಅಂಚಲ್ಲಿ ಕೂದಲೆಳೆಯ ಬಿರುಕು ಬರುತ್ತವೆ. ಆಮೇಲೆ ಯಾವ ಏಟಿಗೆ ಯಾವ ಚೂರು ಎದ್ದು ಹೋಗುತ್ತದೆ ಅಂತ ಹೇಳಲಾಗದು. ನಿಮ್ಮ ಶೆಡ್ಡಿನಲ್ಲಿರುವ ಚಾಣಗಳನ್ನೆಲ್ಲ ಬಿಸಿಲಿಗೆ ಹಿಡಿದು ನೋಡಿ. ಬೆರಳಾಡಿಸಬೇಡಿ, ಕೊಯ್ಯುತ್ತದೆ. ಹಳೇ ಬನಿಯನ್ ಬಟ್ಟೆಯನ್ನು ತಲೆಯ ಸುತ್ತ ಎಳೆದು ನೋಡಿ, ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಚಕ್ಕೆ ಏಳಲು ತಯಾರಾಗಿದೆ.

ಸರಿ ಮಾಡೋದು ಕಷ್ಟವಲ್ಲ. ಹರಡಿದ್ದನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆದು, ತಲೆ ಮೇಲಕ್ಕೆ ಹೋಗ್ತಾ ಸ್ವಲ್ಪ ಕಿರಿದಾಗುವ ಹಾಗೆ ಸುತ್ತ ಇಳಿಜಾರು ಕೊಡಬೇಕು. ಬಿರುಕು ಒಳಗೆ ಇಳಿದಿದ್ದರೆ ಬಿರುಕು ಮುಗಿಯುವ ತನಕ ಕತ್ತರಿಸಿ ತೆಗೆಯಬೇಕು. ಹಾಗೆ ತೆಗೆದ ಮೇಲೆ ಮುಷ್ಟಿ ಹಿಡಿದು ಮೇಲೆ ಎರಡು ಬೆರಳಗಲ ಉಳಿಯದಿದ್ದರೆ ಗುಜರಿಗೆ ಹಾಕಿ, ಚಾಣದ ಬೆಲೆ ಜಾಸ್ತಿ ಏನಲ್ಲ. ಬಾಯಿಗೆ ಸಾಣೆ ಹಿಡಿಯುವಾಗ ನೀರಲ್ಲಿ ಅದ್ದುತ್ತಾ ಹಿಡಿಯಿರಿ. ತುದಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು. ಬಾಯಿಯ ಕೋನ ಕಬ್ಬಿಣಕ್ಕೆ 55ರಿಂದ 60 ಡಿಗ್ರಿ ಇರಲಿ. ಬೇಗ ಕತ್ತರಿಸಲಿ ಅಂತ ತೆಳ್ಳಗೆ ಮಾಡಿದರೆ ಈ ಸಲ ಬಾಯಿಯೇ ಒಡೆದು ಹಾರುತ್ತದೆ.

ನಮ್ಮ ಕಡೆ ಇನ್ನೂ ಎರಡು ಅಭ್ಯಾಸ ಇವೆ, ಎರಡೂ ಅಪಾಯ. ಹಳೇ ಅರವನ್ನು (ಫೈಲ್) ಗ್ರೈಂಡ್ ಮಾಡಿ ಚಾಣ ಮಾಡಿಕೊಳ್ಳೋದು ಒಂದು. ಅರ ಪೂರ್ತಿ ಗಟ್ಟಿ ಉಕ್ಕು, ಹೊಡೆದರೆ ಚೂರುಚೂರು. ಇನ್ನೊಂದು, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕುಲುಮೆಯಲ್ಲಿ ಮಾಡಿಸಿದ ಚಾಣ. ಅದು ಒಳ್ಳೇ ಉಕ್ಕೇ, ಆದರೆ ಕೆಲವರು ಇಡೀ ಚಾಣವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿಬಿಡುತ್ತಾರೆ, ತಲೆಯೂ ಗಟ್ಟಿಯಾಗುತ್ತದೆ. ಮಾಡಿಸುವಾಗ ಬಾಯಿಗೆ ಮಾತ್ರ ಹದ ಹಾಕಿ, ತಲೆ ಹಾಗೇ ಬಿಡಿ ಅಂತ ನಿಂತು ಹೇಳಿ.

ತುಕ್ಕು ಹಿಡಿದ ನಟ್ಟಿಗೆ ಚಾಣವೇ ಬೇಕು ಅಂತೇನೂ ಇಲ್ಲ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿ ಪೂರ್ತಿ ಬಿಟ್ಟರೆ ಅರ್ಧಕ್ಕರ್ಧ ಸ್ಪ್ಯಾನರ್‌ಗೇ ಬರುತ್ತವೆ. ನಟ್ ಸ್ಪ್ಲಿಟರ್ ಅಂತ ಸಿಗುತ್ತದೆ, ತಿರುಗಿಸಿ ಬಿಗಿ ಮಾಡಿದರೆ ನಟ್ಟು ಸೀಳುತ್ತದೆ, ಸುತ್ತಿಗೆ ಏಟೇ ಇಲ್ಲ. ನನ್ನ ಆಯ್ಕೆ ಅದೇ, ಜಾಗ ಇದ್ದರೆ. ಹ್ಯಾಕ್ಸಾ ನಿಧಾನ, ಆದರೆ ಏನೂ ಹಾರುವುದಿಲ್ಲ. ಹುಡುಗರು ಮೊದಲು ಕೈ ಹಾಕೋದು ಆಂಗಲ್ ಗ್ರೈಂಡರಿಗೆ. ಅದು ಚಾಣಕ್ಕಿಂತ ಸುರಕ್ಷಿತ ಅಂತ ತಿಳಿಯಬೇಡಿ, ಗಾರ್ಡ್ ಬಿಚ್ಚಿದ ಗ್ರೈಂಡರಿನಲ್ಲಿ ಡಿಸ್ಕ್ ಒಡೆದರೆ ಮುಖವೇ ಹೋಗುತ್ತದೆ. ಗ್ಯಾಸಿನಲ್ಲಿ ಕಾಯಿಸಬಹುದು, ಆದರೆ ಜಿಂಕ್ ಲೇಪನದ ನಟ್ಟು ಕಾಯಿಸಿದರೆ ಬರುವ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಚಾಣವೇ ಬೇಕಾದಾಗ ಗೋಡೆ ಕಡೆಗೆ ಚಕ್ಕೆ ಹಾರುವ ಹಾಗೆ ನಿಲ್ಲಿ, ವೈಸಿನ (ಕಬ್ಬಿಣ ಬಿಗಿದು ಹಿಡಿಯುವ ಇಕ್ಕಳ) ಹಿಂದೆ ಒಂದು ಪ್ಲೈವುಡ್ ಹಲಗೆ ಅಥವಾ ಸಣ್ಣ ಕಣ್ಣಿನ ಜಾಲರಿ ನಿಲ್ಲಿಸಿ. ಏಟು ತಿನ್ನೋದು ಹೊಡೆಯುವವನೇ ಆಗಬೇಕಿಲ್ಲ, ಪಕ್ಕದಲ್ಲಿ ಹಿಡಿದುಕೊಂಡು ಕೂತವನೂ ಆಗಬಹುದು. ಕಡಿತ ಮುಗಿಯುತ್ತಾ ಬಂದಾಗ ಏಟು ಹಗುರ ಮಾಡಬೇಕು. ಕೊನೆಯ ತುಂಡು ಜೋರಾಗಿ ಹಾರೋದು ಆಗಲೇ.

ಇನ್ನು ನಿಮ್ಮ ಆಚಾರ್ರ ಉಳಿ. ಚೂಪು ಮಾಡಬೇಡಿ ಅಂದಿರಿ. ಕಾಳಜಿಯಿಂದ ಹೇಳಿದ್ದೀರಿ, ಆದರೆ ದಯವಿಟ್ಟು ಆ ಮಾತು ಇವತ್ತೇ ವಾಪಸ್ ತಗೊಳ್ಳಿ. ಹರಿತ ಇರುವ ಉಳಿ ಎರಡು ಬೆರಳ ಒತ್ತಡಕ್ಕೆ ಮರ ಕೀಳುತ್ತದೆ, ನಿಲ್ಲಿಸಬೇಕು ಅಂದಾಗ ನಿಲ್ಲುತ್ತದೆ. ಮೊಂಡು ಉಳಿಗೆ ಭುಜದ ಭಾರ ಹಾಕಬೇಕಾಗುತ್ತದೆ, ಗಂಟಿಗೆ ತಾಗಿ ಜಾರಿದಾಗ ಆ ಭಾರವೆಲ್ಲ ಎದುರಿಗಿರುವ ಕೈಗೆ ಹೋಗುತ್ತದೆ. ಕೊಯ್ಯೋ ಮಟ್ಟಿಗೆ ಮೊಂಡು ಉಳಿಯೂ ಹರಿತವೇ. ನಿಜವಾದ ತಪ್ಪು ಚೂಪಿನಲ್ಲಿಲ್ಲ, ಎಡಗೈ ಎಲ್ಲಿತ್ತು ಅನ್ನೋದರಲ್ಲಿದೆ. ಅಂಗೈಗೆ ಬಿದ್ದಿದೆ ಅಂದರೆ ಮರವನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಉಳಿ ತಳ್ಳುತ್ತಿದ್ದರು, ಬಹುತೇಕ ಖಚಿತ. ಮರವನ್ನು ಕ್ಲ್ಯಾಂಪು ಹಿಡಿಯಬೇಕು, ಎರಡೂ ಕೈ ಉಳಿಯ ಬಾಯಿಯ ಹಿಂದೆ ಇರಬೇಕು. ನೆಲದ ಮೇಲೆ ಕೂತು ಕಾಲಲ್ಲಿ ಒತ್ತಿ ಹಿಡಿದು ಕೆಲಸ ಮಾಡುವ ರೂಢಿ ಇದ್ದರೆ ಅದನ್ನೇ ಬಿಡಿಸಲು ಹೋಗಬೇಡಿ, ಆಗದ ಮಾತು. ತಗ್ಗಿನ ಒಂದು ಹಲಗೆ ಮಾಡಿಸಿ, ತುದಿಗೆ ಅಡ್ಡಪಟ್ಟಿ ಹೊಡೆಸಿ, ಕೆಲಸದ ತುಂಡು ಅದಕ್ಕೆ ಒರಗಿ ನಿಲ್ಲುವ ಹಾಗೆ. ಕಾಲು ಉಳಿಯ ದಾರಿಯಿಂದ ಆಚೆ ಬರುತ್ತದೆ.

ಮರದ ಹಿಡಿಯ ಉಳಿಗೆ ಕಬ್ಬಿಣದ ಸುತ್ತಿಗೆ ಬೇಡ, ಮರದ ಕೊಡತಿ ಇರಲಿ. ಹಿಡಿಯ ತಲೆಗೆ ಕಬ್ಬಿಣದ ಬಳೆ ಇಲ್ಲದಿದ್ದರೆ ಸೀಳುತ್ತದೆ. ಹಳೇ ಮನೆಯ ತೊಲೆ, ಬಾಗಿಲ ಮರ ತಂದು ಮರುಬಳಕೆ ಮಾಡ್ತೀರಾದರೆ ಒಳಗೆ ಮುರಿದ ಮೊಳೆ ಇದ್ದೇ ಇರುತ್ತದೆ. ಉಳಿಯ ಬಾಯಿ ಮೊಳೆಗೆ ತಾಗಿದರೆ ಚಕ್ಕೆ ಹಾರೋದು ಕಣ್ಣ ಕಡೆಗೇ. ಆದ್ದರಿಂದ ಮರದ ಕೆಲಸಕ್ಕೂ ಗಾಗಲ್ಸ್ ಬೇಕು.

ಆಚಾರ್ರ ಕೈ ಬಗ್ಗೆ ಒಂದು ಮಾತು. ಹೊಲಿಗೆ ಒಣಗಿದರೂ ಒಂದೊಂದೇ ಬೆರಳಿನ ತುದಿಗಿಣ್ಣನ್ನು ಬೇರೆಯಾಗಿ ಮಡಚಲು ಹೇಳಿ, ಬೆರಳ ತುದಿಗೆ ಸ್ಪರ್ಶ ಗೊತ್ತಾಗುತ್ತದಾ ಕೇಳಿ. ಉಳಿಯ ಗಾಯ ಮೇಲೆ ಸಣ್ಣದು, ಒಳಗೆ ಆಳ. ಬೆರಳು ಮಡಚುವ ಸ್ನಾಯುದಾರ ಅಥವಾ ನರ ಕತ್ತರಿಸಿ ಹೋಗಿ, ಮೇಲೆ ಚರ್ಮಕ್ಕೆ ಮಾತ್ರ ಹೊಲಿಗೆ ಬಿದ್ದಿರುವುದುಂಟು. ಒಂದು ಬೆರಳು ಮಡಚದಿದ್ದರೂ, ಜೋಮು ಹಿಡಿದ ಹಾಗಿದ್ದರೂ ತಡ ಮಾಡದೆ ಕೈ ಆಪರೇಷನ್ ಮಾಡುವ ಸರ್ಜನ್‌ಗೆ ತೋರಿಸಿ.

ಬಟ್ಟೆ ಗ್ಲೌಸ್ ಉಳಿಯನ್ನು ತಡೆಯೋದಿಲ್ಲ. ಸುತ್ತಿಗೆಯ ಕಾವು ಹಿಡಿದ ಕೈಗೆ ಹಾಕಿದರೆ ಹಿಡಿತ ಜಾರುತ್ತದೆ. ಡ್ರಿಲ್ಲಿಂಗ್ ಮೆಷಿನ್, ಬೆಂಚ್ ಗ್ರೈಂಡರ್ ಮುಂದಂತೂ ಗ್ಲೌಸ್ ಹಾಕಲೇಬಾರದು, ನೂಲು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಕೊಯ್ತ ತಡೆಯುವ ಗ್ಲೌಸ್ ಬೇರೆ ಸಿಗುತ್ತವೆ, ಅವು ಗೀರನ್ನು ತಡೆಯುತ್ತವೆ, ಚುಚ್ಚಿದರೆ ತಡೆಯವು. ಚಾಣ ಹಿಡಿಯುವ ಕೈಗೆ ರಬ್ಬರ್ ಕೈಗಾಪು ಇರುವ ಚಾಣ ತರಿಸಿ. ಏಟು ತಪ್ಪಿದರೆ ಗೆಣ್ಣು ಉಳಿಯುತ್ತದೆ.

ಗಾಗಲ್ಸ್ ಯಾರೂ ಹಾಕಲ್ಲ ಅನ್ನೋದಕ್ಕೆ ಬೈಯಬೇಡಿ. ಮಂಜು ಕಟ್ಟಿದ ಗಾಜಿನಲ್ಲಿ ನೋಡಿಕೊಂಡು ಸುತ್ತಿಗೆ ಹೊಡೆಯೋದು ಇನ್ನೂ ಅಪಾಯ, ಅವರು ಹೇಳೋದು ಸರಿಯೇ. ಬದಲಿಗೆ ಬೇರೆ ಥರದ್ದು ತನ್ನಿ. ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಲೆನ್ಸ್, ಮಂಜು ಕಟ್ಟದ ಲೇಪನ, ಪಕ್ಕದಿಂದ ಗಾಳಿ ಬಂದರೂ ಚೂರು ನೇರ ತೂರದ ಕಿಂಡಿ. ಮೇಲೆ ನಮ್ಮ ದೇಶದ ಐಎಸ್ 5983 ಗುಣಮಟ್ಟದ ಗುರುತು ಇದೆಯಾ ನೋಡಿ. ಯುರೋಪಿನ ಇಎನ್ 166 ಗುರುತಿದ್ದರೆ ಅದರಲ್ಲಿ ಎಫ್ ಅಕ್ಷರ ಇದ್ದದ್ದು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಂದ ಸಣ್ಣ ಉಕ್ಕಿನ ಗುಂಡನ್ನು ತಡೆದಿರುತ್ತದೆ, ಬಿ ಇದ್ದದ್ದು 120 ಮೀಟರ್‌ವರೆಗೆ. ಚಾಣದ ಕೆಲಸಕ್ಕೆ ಬಿ ತರಿಸಿ. ದೃಷ್ಟಿಗೆ ಹಾಕುವ ಮಾಮೂಲಿ ಕನ್ನಡಕ ಲೆಕ್ಕಕ್ಕಿಲ್ಲ, ಗಾಜಿನದಾದರೆ ಅದೇ ಒಡೆದು ಕಣ್ಣಿಗೆ ಹೋಗುತ್ತದೆ. ಒಂದು ಫ್ಯಾನ್ ಹಾಕಿಸಿ. ಗಾಗಲ್ಸನ್ನು ಅಂಗಿ ತುದಿಯಲ್ಲಿ ಒರೆಸದೆ ಸೋಪು ನೀರಲ್ಲಿ ತೊಳೆಯಲು ಹೇಳಿ, ಗೀರು ಬಿದ್ದ ದಿನ ಹೊಸದು ಕೊಡಿ. ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ, ವೈಸಿನ ಪಕ್ಕದ ಮೊಳೆಗೇ ನೇತುಹಾಕಿ. ನೀವು ಶೆಡ್ಡಿಗೆ ಕಾಲಿಟ್ಟಾಗಲೂ ಒಂದು ಹಾಕಿಕೊಳ್ಳಿ.

ಮೇಸ್ತ್ರಿಯ ಮೂವತ್ತು ವರ್ಷದ ಮಾತಿಗೆ ವಾದ ಮಾಡಬೇಡಿ. ಅವರ ಕೈಗೆ ಹಳೇ ಚಾಣಗಳನ್ನು ಕೊಟ್ಟು, "ಇದರಲ್ಲಿ ಯಾವುದು ಗುಜರಿಗೆ, ಯಾವುದು ಇಟ್ಟುಕೊಳ್ಳೋಣ, ನೀವೇ ಹೇಳಿ ಮೇಸ್ತ್ರಿ" ಅಂತ ಕೇಳಿ. ಕಬ್ಬಿಣ ಬಲ್ಲವರಿಗೆ ಬಿರುಕು ತೋರಿಸಿಕೊಡಬೇಕಿಲ್ಲ. ಸೋಮವಾರ ಬೆಳಿಗ್ಗೆ ಚಾಣ ನೋಡುವ ಕೆಲಸ ಅವರದ್ದೇ ಆಗಲಿ.

ಆದರೆ ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ನೋಡಿದ್ದು ಬೇರೊಂದು, ಅದನ್ನು ಮಾಲೀಕರಾದ ನಿಮಗೇ ಹೇಳಬೇಕು. ಪೀಸಿನ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಸಾಣೆ ಹಿಡಿಯುವ ಹೊತ್ತಿಗೆ ಕೂಲಿ ಇರುವುದಿಲ್ಲ. ಕ್ಲ್ಯಾಂಪು ಬಿಗಿಯುವ ಹೊತ್ತಿಗೂ ಇಲ್ಲ. ಹಾಗಿದ್ದಾಗ ಮೊಂಡು ಉಳಿಯಲ್ಲೇ ಕೆಲಸ ಎಳೆಯುತ್ತಾರೆ, ಕೈಯಲ್ಲೇ ಮರ ಹಿಡಿಯುತ್ತಾರೆ. ಅದು ಅಜಾಗರೂಕತೆ ಅಲ್ಲ, ಮನೆಗೆ ದುಡ್ಡು ಒಯ್ಯುವ ಲೆಕ್ಕ. ದಿನಾ ಬೆಳಿಗ್ಗೆ ಅರ್ಧ ಗಂಟೆ ಹತಾರ ಸರಿ ಮಾಡಿಕೊಳ್ಳೋದಕ್ಕೆ ಅಂತಲೇ ಕೂಲಿ ಕೊಟ್ಟು ನೋಡಿ. ಹರಿತ ಉಳಿಯಲ್ಲಿ ಕೆಲಸವೂ ಬೇಗ ಆಗುತ್ತದೆ, ಹೆಚ್ಚು ಕಮ್ಮಿ ಅದು ನಿಮಗೇ ವಾಪಸ್ ಬರುತ್ತದೆ. ಗಾಯವಾದವರಿಗೆ ರಜೆ ದಿನದ ಕೂಲಿ ಕೊಡಿ, ಇಲ್ಲದಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಕಾನೂನಿನದ್ದು ಚಿಕ್ಕದಾಗಿ. ಚೂರು ಹಾರುವ ಕೆಲಸಕ್ಕೆ ಗಾಗಲ್ಸ್ ಅಥವಾ ಅಡ್ಡಪರದೆ ಕೊಡಬೇಕು ಅಂತ 1948ರ ಫ್ಯಾಕ್ಟರೀಸ್ ಆಕ್ಟಿನ 35ನೇ ಸೆಕ್ಷನ್ನಿನಲ್ಲೇ ಬರೆದಿದ್ದರು. ಆರು ಜನರ ಶೆಡ್ಡು ಫ್ಯಾಕ್ಟರಿ ಲೆಕ್ಕಕ್ಕೆ ಬಾರದಿದ್ದರೂ ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದು ಕಣ್ಣು ಹೋದರೆ ದುಡಿಮೆಯ ಶಕ್ತಿ ಶೇ 40 ಹೋಯಿತು ಅಂತ, ಕಣ್ಣುಗುಡ್ಡೆ ಉಳಿದು ದೃಷ್ಟಿ ಮಾತ್ರ ಹೋದರೆ ಶೇ 30 ಅಂತ ಲೆಕ್ಕ ಹಾಕಿದ್ದರು. ಫಿಟ್ಟರ್ ಕೆಲಸ ಮಾಡುವವನಿಗೆ ಹೋಗೋದು ಅದಕ್ಕಿಂತ ಜಾಸ್ತಿ ಅಂತ ನನ್ನ ಅಭಿಪ್ರಾಯ. ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಸಾಮಾನ್ಯವಾಗಿ 10 ಜನ ಇದ್ದಲ್ಲಿ ಅನ್ವಯ, ನಿಮಗೆ ಬರುವುದಿಲ್ಲ. ಆದ್ದರಿಂದ ಇನ್ಶೂರೆನ್ಸ್ ಕಂಪನಿಗಳಲ್ಲಿ ಸಿಗುವ ಕಾರ್ಮಿಕರ ಪರಿಹಾರ ಪಾಲಿಸಿಯನ್ನು ಈ ವಾರವೇ ಮಾಡಿಸಿ. ಆಗಿಹೋದ ಗಾಯಕ್ಕೆ ಅದು ಬರುವುದಿಲ್ಲ, ಈಗಿನ ಖರ್ಚು ನೀವೇ ಭರಿಸಬೇಕು. ಮಾಡಿಸುವಾಗ ಆರೂ ಜನರನ್ನು ಸೇರಿಸಿ, ನಿಜವಾಗಿ ಎಷ್ಟು ಕೂಲಿ ಕೊಡ್ತೀರೋ ಅಷ್ಟೇ ಬರೆಸಿ. ಪ್ರೀಮಿಯಂ ಉಳಿಸಲು ಕಮ್ಮಿ ತೋರಿಸಿದರೆ ಕಂಪನಿ ಕೊಡೋದೂ ಅಷ್ಟಕ್ಕೇ ಇಳಿಯುತ್ತದೆ, ಬಾಕಿ ನಿಮ್ಮ ತಲೆ ಮೇಲೆ.